ಸಮುದಾಯದ ಚಿಂತಕ ಫರ್ಡಿನಾಂಡ್ ಟೋನೀಸ್

ಮನುಷ್ಯನು ಒಂಟಿಯಾಗಿ ಬಾಳಲಾರನು. ಹುಟ್ಟಿದ ಗಳಿಗೆಯಿಂದಲೇ ಅವನು ಒಂದು ಮನೆಗೆ, ಒಂದು ಊರಿಗೆ, ಒಂದು ಭಾಷೆಗೆ ಸೇರಿದವನಾಗುತ್ತಾನೆ. ಈ ನಂಟು ಅವನು ಕೇಳಿ ಪಡೆದುದಲ್ಲ. ದೊಡ್ಡವನಾದ ಮೇಲೆ ಅವನು ಕಾರ್ಖಾನೆ, ಕಚೇರಿ, ವ್ಯಾಪಾರದ ಕೂಟ ಮೊದಲಾದವುಗಳಿಗೂ ಸೇರುತ್ತಾನೆ. ಇವುಗಳನ್ನಾದರೋ ತನಗಾಗುವ ಪ್ರಯೋಜನವನ್ನು ಲೆಕ್ಕ ಹಾಕಿ ತಾನೇ ಆರಿಸಿಕೊಳ್ಳುತ್ತಾನೆ. ಎರಡೂ ಮನುಷ್ಯರ ಕೂಟಗಳೇ. ಆದರೆ ಎರಡರ ಸ್ವಭಾವ ಒಂದೇ ಅಲ್ಲ. ತಾಯಿಮಕ್ಕಳ ನಂಟಿಗೂ ಅಂಗಡಿಯವನೊಡನೆ ನಡೆಯುವ ವ್ಯವಹಾರಕ್ಕೂ ಇರುವ ಅಂತರ ಎಲ್ಲರಿಗೂ ತಿಳಿದದ್ದೇ. ಎಲ್ಲರಿಗೂ ತಿಳಿದಿದ್ದ ಈ ಅಂತರವನ್ನು ಶಾಸ್ತ್ರದ ವಿಷಯವನ್ನಾಗಿ ಮಾಡಿ, ಅದರ ಬೇರುಗಳನ್ನು ಹುಡುಕಿದವನು ಜರ್ಮನಿಯ ಫರ್ಡಿನಾಂಡ್ ಟೋನೀಸ್. ಸಮುದಾಯ ಎಂಬ ಮಾತಿಗೆ ಸಮಾಜಶಾಸ್ತ್ರದಲ್ಲಿ ಖಚಿತವಾದ ಅರ್ಥವನ್ನು ಕೊಟ್ಟವನು ಅವನು. ಅದೇ ಮಾತನ್ನು ಅಧಿಕಾರದ ಆಸೆಯುಳ್ಳವರು ಕೆಡಿಸಿದಾಗ ಅವರನ್ನು ಎದುರಿಸಿ, ಇಳಿವಯಸ್ಸಿನಲ್ಲಿ ಕಷ್ಟಕ್ಕೆ ಗುರಿಯಾದವನೂ ಅವನೇ.

ಟೋನೀಸನು 1855ರ ಜುಲೈ 26ರಂದು ಶ್ಲೆಸ್ವಿಗ್ ಪ್ರಾಂತದ ಓಲ್ಡನ್ಸ್‌ವರ್ಟ್ ಎಂಬ ಹಳ್ಳಿಯ ಬಳಿ ಹುಟ್ಟಿದನು. ಆ ಹಳ್ಳಿ ಇಂದು ಜರ್ಮನಿಯ ಉತ್ತರದ ಅಂಚಿನಲ್ಲಿದೆ; ಆಗ ಆ ಪ್ರಾಂತವನ್ನು ಡೆನ್ಮಾರ್ಕಿನ ದೊರೆ ಆಳುತ್ತಿದ್ದನು. ಟೋನೀಸನ ತಂದೆ ಸ್ಥಿತಿವಂತನಾದ ರೈತ. ತಾಯಿ ಕ್ರೈಸ್ತ ಪಾದ್ರಿಗಳ ಮನೆತನದವಳು. ಹಳ್ಳಿಯಿದ್ದ ಐಡರ್‌ಸ್ಟೆಟ್ ಸೀಮೆ ಉತ್ತರ ಸಮುದ್ರದೊಳಕ್ಕೆ ಚಾಚಿಕೊಂಡಿರುವ ತಗ್ಗಾದ ಪರ್ಯಾಯದ್ವೀಪ. ಜನರು ತಲೆತಲಾಂತರದಿಂದ ಮಣ್ಣಿನ ಒಡ್ಡುಗಳನ್ನು ಕಟ್ಟಿ, ಕಡಲನ್ನು ಹಿಮ್ಮೆಟ್ಟಿಸಿ, ಅಲ್ಲಿನ ಜವುಗು ನೆಲವನ್ನು ಹೊಲವನ್ನಾಗಿ ಮಾಡಿಕೊಂಡಿದ್ದರು. ಒಡ್ಡು ಒಂದು ಕಡೆ ಒಡೆದರೂ ಸಾಕು, ಸುತ್ತಲಿನ ಎಲ್ಲರ ಹೊಲವೂ ಮುಳುಗುತ್ತಿತ್ತು. ಆದುದರಿಂದ ಪ್ರತಿಯೊಬ್ಬ ರೈತನೂ ತನ್ನ ಪಾಲಿನ ಒಡ್ಡನ್ನು ಕಾಪಾಡಬೇಕಾಗಿದ್ದಿತು. ಕಾಪಾಡಲಾರದವನು ಭೂಮಿಯ ಹಕ್ಕನ್ನೇ ಬಿಟ್ಟುಕೊಡಬೇಕೆಂಬ ಕಟ್ಟಳೆ ಹಿಂದಿನ ಕಾಲದಲ್ಲಿ ಆ ಕಡೆ ಬಳಕೆಯಲ್ಲಿತ್ತು. ಅಲ್ಲಿನ ರೈತರು ಯಾವ ಜಮೀನ್ದಾರನ ಜೀತದಾಳುಗಳೂ ಆಗಿರಲಿಲ್ಲ. ತಮ್ಮ ಸೀಮೆಯ ಕಾರ್ಯಗಳನ್ನು ತಾವೇ ಸಭೆ ಸೇರಿ ನಡೆಸಿಕೊಂಡು ಬಂದವರು. ಇಂಥ ಕಡೆ ಬೆಳೆದ ಹುಡುಗನಿಗೆ ಕೂಡಿ ಬಾಳುವುದೆಂದರೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಆದರೆ ಆ ಹಳೆಯ ಬಾಳು ಅವನ ಕಣ್ಣೆದುರಿನಲ್ಲಿಯೇ ಬದಲಾಗುತ್ತಿತ್ತು. ಐಡರ್‌ಸ್ಟೆಟ್ಟಿನ ಹುಲ್ಲುಗಾವಲುಗಳಲ್ಲಿ ಕೊಬ್ಬಿದ ದನಗಳನ್ನು ಟ್ಯೋನಿಂಗ್ ಬಂದರಿನಲ್ಲಿ ಹಡಗಿಗೆ ಏರಿಸಿ ಇಂಗ್ಲೆಂಡಿನ ಪೇಟೆಗೆ ಕಳುಹಿಸುತ್ತಿದ್ದರು. ರೈಲುದಾರಿ ಬಂದಿತ್ತು. ಹಳ್ಳಿಯ ಒಕ್ಕಲಿನ ಬಾಳು ದೂರದ ನಗರದ ಧಾರಣೆಗೆ ಕಟ್ಟುಬೀಳತೊಡಗಿತ್ತು. 1864ರಲ್ಲಿ ಪ್ರಷ್ಯ ಮತ್ತು ಆಸ್ಟ್ರಿಯ ರಾಜ್ಯಗಳು ಡೆನ್ಮಾರ್ಕಿನ ಮೇಲೆ ಯುದ್ಧ ಹೂಡಿ ಗೆದ್ದವು. 1867ರಲ್ಲಿ ಶ್ಲೆಸ್ವಿಗ್ ಪ್ರಷ್ಯಕ್ಕೆ ಸೇರಿಹೋಯಿತು. ಹಳೆಯ ವಾಡಿಕೆಗಳ ಮೇಲೆ ದೊಡ್ಡ ರಾಜ್ಯದ ಕಾಯಿದೆಗಳೂ ಅಧಿಕಾರಿಗಳೂ ಬಂದು ಕುಳಿತರು. ಈ ಹೊತ್ತಿಗೆ ಟೋನೀಸನ ಕುಟುಂಬ ಸಮೀಪದ ಹೂಸುಮ್ ಪಟ್ಟಣಕ್ಕೆ ಬಂದು ನೆಲೆಸಿತ್ತು. ಆ ಪಟ್ಟಣದಲ್ಲಿ ಥಿಯೋಡೋರ್ ಸ್ಟಾರ್ಮ್ ಎಂಬ ಪ್ರಸಿದ್ಧ ಕವಿ ಇದ್ದನು. ಶಾಲೆಯಲ್ಲಿ ಓದುತ್ತಿದ್ದಾಗಲೇ ಟೋನೀಸನಿಗೆ ಆ ಹಿರಿಯನ ಸ್ನೇಹ ದೊರೆಯಿತು. ತನ್ನ ನಾಡಿನ ಜನರ ನಡೆನುಡಿಗಳನ್ನು ಪ್ರೀತಿಯಿಂದ ನೋಡಿ ಬರೆಯುತ್ತಿದ್ದ ಕವಿಯ ಸಹವಾಸ ಹುಡುಗನ ಮನಸ್ಸಿನಲ್ಲಿ ನೆಲೆಯಾಗಿ ನಿಂತಿತು.

ಟೋನೀಸನು ಸ್ಟ್ರಾಸ್‌ಬುರ್ಗ್, ಯೇನ, ಬಾನ್, ಲೈಪ್‌ಜಿಗ್ ಮುಂತಾದ ವಿಶ್ವವಿದ್ಯಾನಿಲಯಗಳಲ್ಲಿ ಓದಿದನು. ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ವ್ಯಾಸಂಗ ಮಾಡಿ, 1877ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪದವಿಯನ್ನು ಪಡೆದನು. ಆಗ ಅವನಿಗೆ ಇನ್ನೂ ಇಪ್ಪತ್ತೆರಡು ವರ್ಷ. ಸಮಾಜಶಾಸ್ತ್ರವೆಂಬ ವಿಷಯವನ್ನು ಜರ್ಮನಿಯ ಯಾವ ವಿದ್ಯಾಪೀಠದಲ್ಲಿಯೂ ಆಗ ಬೋಧಿಸುತ್ತಿರಲಿಲ್ಲ. ಆದರೆ ಪ್ರಾಚೀನ ಗ್ರಂಥಗಳಿಗಿಂತ ತನ್ನ ಕಾಲದ ಸಮಸ್ಯೆಗಳೇ ಟೋನೀಸನ ಮನಸ್ಸನ್ನು ಹೆಚ್ಚಾಗಿ ಸೆಳೆದವು. ಬರ್ಲಿನ್ನಿನಲ್ಲಿ ಅಧ್ಯಾಪಕನಾಗಿದ್ದ, ತನ್ನ ಕಡೆಯವನೇ ಆದ ಫ್ರೀಡ್ರಿಕ್ ಪೌಲ್‌ಸೆನ್ ಎಂಬ ತತ್ತ್ವಜ್ಞಾನಿಯು ಅವನ ಆಪ್ತಮಿತ್ರನಾದನು. ಹದಿನೇಳನೆಯ ಶತಮಾನದ ಇಂಗ್ಲಿಷ್ ದಾರ್ಶನಿಕ ಥಾಮಸ್ ಹಾಬ್ಸನ ಕೃತಿಗಳ ಕಡೆಗೆ ಟೋನೀಸನ ಮನಸ್ಸು ತಿರುಗಿದುದು ಈ ಮಿತ್ರನಿಂದಲೇ.

1878ರಲ್ಲಿ ಟೋನೀಸನು ಇಂಗ್ಲೆಂಡಿಗೆ ಹೋಗಿ, ಲಂಡನ್ ಮತ್ತು ಆಕ್ಸ್‌ಫರ್ಡ್ ನಗರಗಳ ಗ್ರಂಥಾಲಯಗಳಲ್ಲಿ ಹಾಬ್ಸನ ಹಳೆಯ ಹಸ್ತಪ್ರತಿಗಳನ್ನು ಶೋಧಿಸಿದನು. ಅಚ್ಚಾಗಿದ್ದ ಪಾಠಗಳಲ್ಲಿ ತಪ್ಪುಗಳು ತುಂಬಿದ್ದುವು. ಅವನು ಹಸ್ತಪ್ರತಿಗಳನ್ನು ತಾಳ್ಮೆಯಿಂದ ಹೋಲಿಸಿ ನೋಡಿ, 1889ರಲ್ಲಿ ಹಾಬ್ಸನ ಎರಡು ಗ್ರಂಥಗಳನ್ನು ಶುದ್ಧಪಾಠದೊಡನೆ ಪ್ರಕಟಿಸಿದನು. ಮನುಷ್ಯರು ಸ್ವಭಾವತಃ ಪರಸ್ಪರ ಸ್ಪರ್ಧಿಗಳು. ಭಯದಿಂದಲೂ ಲಾಭದ ಎಣಿಕೆಯಿಂದಲೂ ಅವರು ಒಪ್ಪಂದ ಮಾಡಿಕೊಂಡು ರಾಜ್ಯವನ್ನು ಕಟ್ಟಿಕೊಳ್ಳುತ್ತಾರೆ ಎಂಬುದು ಹಾಬ್ಸನ ಸಿದ್ಧಾಂತ. ಪೇಟೆಯಲ್ಲಿ ಕೊಳ್ಳುವವನು, ಮಾರುವವನು, ಕರಾರಿಗೆ ಸಹಿ ಹಾಕುವವನು ಇವರನ್ನೆಲ್ಲ ಈ ಸಿದ್ಧಾಂತ ಚೆನ್ನಾಗಿ ವಿವರಿಸುತ್ತದೆಯೆಂದು ಟೋನೀಸನಿಗೆ ತೋರಿತು. ಆದರೆ ಕಡಲ ಒಡ್ಡಿನ ಮೇಲೆ ಮಣ್ಣು ಹೊರುತ್ತಿದ್ದ ನೆರೆಹೊರೆಯವರನ್ನು ಅದು ವಿವರಿಸುವುದೇ? ತೊಟ್ಟಿಲನ್ನು ತೂಗುವ ತಾಯಿಯನ್ನು ವಿವರಿಸುವುದೇ? ಈ ಪ್ರಶ್ನೆಯೇ ಅವನ ಬಾಳಿನ ಕೆಲಸಕ್ಕೆ ಬೀಜವಾಯಿತು.

ಉತ್ತರವನ್ನು ಹುಡುಕುತ್ತ ಅವನು ಹಲವರ ಗ್ರಂಥಗಳನ್ನು ಓದಿದನು. ಕಾರ್ಲ್ ಮಾರ್ಕ್ಸನ ಬರಹಗಳಿಂದ ಬಂಡವಾಳದ ವ್ಯಾಪಾರ ಹೇಗೆ ನಡೆಯುತ್ತದೆಂಬುದನ್ನು ತಿಳಿದನು. ಇಂಗ್ಲಿಷ್ ನ್ಯಾಯಶಾಸ್ತ್ರಜ್ಞ ಹೆನ್ರಿ ಮೇನ್ ಎಂಬುವನ ಗ್ರಂಥಗಳು ಅವನಿಗೆ ಇನ್ನೊಂದು ಬಾಗಿಲನ್ನು ತೆರೆದವು. ಮೇನನು 1862ರಿಂದ 1869ರವರೆಗೆ ಭಾರತದಲ್ಲಿ ವೈಸ್‌ರಾಯನ ಮಂತ್ರಾಲೋಚನ ಸಭೆಯ ಕಾನೂನು ಸದಸ್ಯನಾಗಿದ್ದವನು. ಪುರಾತನ ಸಮಾಜಗಳಲ್ಲಿ ವ್ಯಕ್ತಿಯ ಹಕ್ಕುಬಾಧ್ಯತೆಗಳನ್ನು ಹುಟ್ಟಿನ ಸ್ಥಾನ ನಿರ್ಧರಿಸುತ್ತಿತ್ತು. ಆಧುನಿಕ ಸಮಾಜದಲ್ಲಿ ಅವನೇ ಮಾಡಿಕೊಂಡ ಕರಾರು ನಿರ್ಧರಿಸುತ್ತದೆ ಎಂದು ಅವನು ವಾದಿಸಿದ್ದನು. 1871ರಲ್ಲಿ ಪ್ರಕಟವಾದ ಗ್ರಂಥವೊಂದರಲ್ಲಿ ಭಾರತದ ಹಳ್ಳಿಯ ಭೂವ್ಯವಸ್ಥೆಯನ್ನೂ ಯೂರೋಪಿನ ಹಳೆಯ ಗ್ರಾಮಗಳ ವ್ಯವಸ್ಥೆಯನ್ನೂ ಹೋಲಿಸಿದ್ದನು. ಹೀಗೆ ಉತ್ತರ ಸಮುದ್ರದ ದಡದಲ್ಲಿ ಹುಟ್ಟಿದ ಚಿಂತಕನು ಸಮುದಾಯದ ಚಿತ್ರವನ್ನು ಬಿಡಿಸುವಾಗ ನಮ್ಮ ದೇಶದ ಹಳ್ಳಿಯ ವಿಚಾರವೂ ಅದರಲ್ಲಿ ಬಂದು ಸೇರಿತು.

1881ರಲ್ಲಿ ಟೋನೀಸನು ಕೀಲ್ ವಿಶ್ವವಿದ್ಯಾನಿಲಯದಲ್ಲಿ ಬೋಧಿಸುವ ಅರ್ಹತೆಯನ್ನು ಪಡೆದನು. ಆರು ವರ್ಷಗಳ ಅನಂತರ, 1887ರಲ್ಲಿ, ಅವನ ಮುಖ್ಯಗ್ರಂಥ ಹೊರಬಂದಿತು. ಅದರ ಹೆಸರಿನಲ್ಲಿ ಎರಡು ಜರ್ಮನ್ ಮಾತುಗಳಿವೆ. ಒಂದು ಗೆಮೈನ್‌ಷಾಫ್ಟ್, ಇನ್ನೊಂದು ಗೆಸೆಲ್‌ಷಾಫ್ಟ್. ಮೊದಲನೆಯದನ್ನು ನಾವು ಸಮುದಾಯವೆಂದು ಕರೆಯಬಹುದು. ಎರಡನೆಯದಕ್ಕೆ ಸಮಾಜವೆಂಬ ಅರ್ಥವಿದ್ದರೂ ಟೋನೀಸನ ಅಭಿಪ್ರಾಯವನ್ನು ನೋಡಿದರೆ ಅದನ್ನು ವ್ಯವಹಾರಸಮಾಜವೆನ್ನುವುದು ಹೆಚ್ಚು ಸರಿ. ಮನುಷ್ಯರ ಕೂಟಗಳೆಲ್ಲವನ್ನೂ ಈ ಎರಡು ಮಾತುಗಳ ಬೆಳಕಿನಲ್ಲಿ ಅರಿಯಲು ಅವನು ಪ್ರಯತ್ನಿಸಿದನು.

ಸಮುದಾಯಕ್ಕೆ ಮೂರು ಬೇರುಗಳೆಂದು ಟೋನೀಸನು ತಿಳಿಸಿದನು. ಮೊದಲನೆಯದು ರಕ್ತಸಂಬಂಧ, ಅದರ ನೆಲೆ ಮನೆ. ಎರಡನೆಯದು ನೆರೆಹೊರೆ, ಅದರ ನೆಲೆ ಹಳ್ಳಿ. ಒಂದೇ ನೆಲವನ್ನು ಉತ್ತು, ಒಂದೇ ನೀರನ್ನು ಕುಡಿದು, ಒಂದೇ ಹಬ್ಬವನ್ನು ಆಚರಿಸುವವರು ಬಂಧುಗಳಲ್ಲದಿದ್ದರೂ ಬಂಧುಗಳಂತಾಗುತ್ತಾರೆ. ಮೂರನೆಯದು ಸ್ನೇಹ, ಅದರ ನೆಲೆ ಮನಸ್ಸು. ಒಂದೇ ಕಸುಬನ್ನೋ ಒಂದೇ ನಂಬಿಕೆಯನ್ನೋ ಹಿಡಿದವರು ಬೇರೆಬೇರೆ ಮನೆಗಳಲ್ಲಿ ಹುಟ್ಟಿದ್ದರೂ ಒಬ್ಬರಿಗೊಬ್ಬರು ಆಪ್ತರಾಗುತ್ತಾರೆ. ಈ ಮೂರು ಬಗೆಯ ನಂಟಿನಲ್ಲಿಯೂ ಜನರು ಎಷ್ಟೇ ಜಗಳವಾಡಿದರೂ, ಎಷ್ಟೇ ದೂರ ಸರಿದರೂ, ಒಳಗೊಳಗೆ ಒಂದಾಗಿರುತ್ತಾರೆ.

ವ್ಯವಹಾರಸಮಾಜದ ರೀತಿ ಇದಕ್ಕೆ ವಿರುದ್ಧವಾದುದು. ಅಲ್ಲಿ ಜನರು ಒಬ್ಬರ ಪಕ್ಕದಲ್ಲಿ ಒಬ್ಬರು ಶಾಂತಿಯಿಂದ ಬಾಳುತ್ತಾರೆ. ಎಷ್ಟೇ ಹತ್ತಿರವಿದ್ದರೂ ಒಳಗೊಳಗೆ ಬೇರೆಯಾಗಿಯೇ ಇರುತ್ತಾರೆ. ಪ್ರತಿಯೊಬ್ಬನೂ ತಾನು ಕೊಟ್ಟುದಕ್ಕೆ ಸಮನಾದುದನ್ನೋ ಮಿಗಿಲಾದುದನ್ನೋ ಹಿಂದಕ್ಕೆ ಬಯಸುತ್ತಾನೆ. ಅವರನ್ನು ಕೂಡಿಸುವುದು ಹಣ, ಕರಾರು ಮತ್ತು ಕಾಯಿದೆ. ದೊಡ್ಡ ನಗರ, ಬೃಹತ್ ಕಾರ್ಖಾನೆ, ದೇಶದೇಶಗಳ ನಡುವಣ ವಾಣಿಜ್ಯ ಇವು ಅದರ ಗುರುತುಗಳು. ಈ ಎರಡು ಬಗೆಯ ಕೂಟಗಳ ಹಿಂದೆ ಮನುಷ್ಯನ ಎರಡು ಬಗೆಯ ಇಚ್ಛೆಗಳಿವೆಯೆಂದು ಟೋನೀಸನು ವಿವರಿಸಿದನು. ಒಂದು ಸ್ವಭಾವದಿಂದ, ರೂಢಿಯಿಂದ, ನೆನಪಿನಿಂದ ತಾನಾಗಿ ಮೂಡುವ ಇಚ್ಛೆ. ಅದರಲ್ಲಿ ಕೆಲಸವೂ ಕೆಲಸದ ಗುರಿಯೂ ಬೇರೆಬೇರೆಯಲ್ಲ. ತಾಯಿ ಮಗುವನ್ನು ಸಾಕುವುದು ಸಾಕುವುದಕ್ಕಾಗಿಯೇ. ಇನ್ನೊಂದು ಗುರಿಯನ್ನು ಮೊದಲು ನಿಶ್ಚಯಿಸಿಕೊಂಡು, ಅದಕ್ಕೆ ತಕ್ಕ ಸಾಧನವನ್ನು ತೂಗಿನೋಡಿ ಆರಿಸುವ ಇಚ್ಛೆ. ವರ್ತಕನು ಸರಕನ್ನು ಕೊಳ್ಳುವುದು ಸರಕಿನ ಮೇಲಣ ಪ್ರೀತಿಗಾಗಿಯಲ್ಲ, ಲಾಭಕ್ಕಾಗಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳ್ಳಿಯೆಲ್ಲ ಸಮುದಾಯ, ನಗರವೆಲ್ಲ ವ್ಯವಹಾರಸಮಾಜ ಎಂದು ಟೋನೀಸನ ಮಾತನ್ನು ತಿಳಿದವರು ಅನೇಕರು. ಅವನ ಅಭಿಪ್ರಾಯ ಅದಲ್ಲ. ಈ ಎರಡು ಮಾತುಗಳು ಅಳತೆಗೋಲುಗಳಂತೆ. ಲೋಕದಲ್ಲಿ ಶುದ್ಧ ಸಮುದಾಯವೂ ಇಲ್ಲ, ಶುದ್ಧ ವ್ಯವಹಾರಸಮಾಜವೂ ಇಲ್ಲ. ಮನೆಯೊಳಗೂ ಲೆಕ್ಕಾಚಾರ ನುಸುಳುತ್ತದೆ. ಕಾರ್ಖಾನೆಯಲ್ಲಿಯೂ ಗೆಳೆತನ ಬೆಳೆಯುತ್ತದೆ. ಯಾವ ಕೂಟದಲ್ಲಿ ಯಾವುದರ ಅಂಶ ಎಷ್ಟಿದೆ, ಅದು ಕಾಲಕಾಲಕ್ಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಅಳೆದುನೋಡುವುದೇ ಶಾಸ್ತ್ರದ ಕೆಲಸ. ಒಟ್ಟಿನಲ್ಲಿ ಚರಿತ್ರೆಯು ಸಮುದಾಯದ ಯುಗದಿಂದ ವ್ಯವಹಾರಸಮಾಜದ ಯುಗಕ್ಕೆ ಸಾಗುತ್ತಿದೆ ಎಂಬುದು ಮಾತ್ರ ಅವನ ನಂಬಿಕೆಯಾಗಿತ್ತು.

ಗ್ರಂಥ ಹೊರಬಂದಾಗ ಹೆಚ್ಚು ಜನ ಅದನ್ನು ಗಮನಿಸಲಿಲ್ಲ. ಎರಡನೆಯ ಮುದ್ರಣಕ್ಕೆ 1912ರವರೆಗೆ, ಎಂದರೆ ಇಪ್ಪತ್ತೈದು ವರ್ಷ ಕಾಯಬೇಕಾಯಿತು. ಆದರೆ ಫ್ರಾನ್ಸಿನ ಎಮಿಲ್ ದುರ್ಕೈಮ್ ಎಂಬ ತರುಣ ವಿದ್ವಾಂಸನು 1889ರಲ್ಲಿಯೇ ಅದನ್ನು ವಿಮರ್ಶಿಸಿದನು. ಸಮುದಾಯದ ವಿಚಾರದಲ್ಲಿ ಅವನು ಟೋನೀಸನನ್ನು ಬಹುಮಟ್ಟಿಗೆ ಒಪ್ಪಿದನು. ಆದರೆ ಆಧುನಿಕ ಸಮಾಜವು ಬರಿಯ ಲೆಕ್ಕಾಚಾರದ ಕೂಟವೆಂಬುದನ್ನು ಒಪ್ಪಲಿಲ್ಲ. ದೊಡ್ಡ ಸಮಾಜಕ್ಕೂ ಒಳಗಿನ ಜೀವವಿದೆ. ಜನರು ಬೇರೆಬೇರೆ ಕಸುಬುಗಳನ್ನು ಹಿಡಿದು ಒಬ್ಬರನ್ನೊಬ್ಬರು ಅವಲಂಬಿಸುವುದರಿಂದಲೇ ಅವರಲ್ಲಿ ಹೊಸ ಬಗೆಯ ಒಗ್ಗಟ್ಟು ಮೂಡುತ್ತದೆ ಎಂಬ ವಾದವನ್ನು ಅವನು 1893ರ ತನ್ನ ಗ್ರಂಥದಲ್ಲಿ ಬೆಳೆಸಿದನು. ಈ ಇಬ್ಬರ ಭಿನ್ನಾಭಿಪ್ರಾಯ ಸಮಾಜಶಾಸ್ತ್ರದ ದೊಡ್ಡ ಚರ್ಚೆಗಳಲ್ಲಿ ಒಂದಾಗಿ ಇಂದಿಗೂ ಉಳಿದಿದೆ.

ಟೋನೀಸನು ಹಿಂದಿನ ಕಾಲವನ್ನು ನೆನೆದು ಹಲುಬುವ ಮನುಷ್ಯನಾಗಿರಲಿಲ್ಲ. ವ್ಯವಹಾರಸಮಾಜವು ವಿಜ್ಞಾನವನ್ನೂ ವ್ಯಕ್ತಿಸ್ವಾತಂತ್ರ್ಯವನ್ನೂ ತಂದಿತೆಂಬುದನ್ನು ಅವನು ಬಲ್ಲನು. ಅದು ಶ್ರಮಜೀವಿಗಳ ಮೇಲೆ ಹೇರಿದ ಕಷ್ಟವನ್ನೂ ಬಲ್ಲನು. 1896ರ ನವೆಂಬರಿನಲ್ಲಿ ಹ್ಯಾಂಬರ್ಗ್ ಬಂದರಿನ ಕಾರ್ಮಿಕರು ಮುಷ್ಕರ ಹೂಡಿದರು. ಹಡಗಿನ ಮಾಲೀಕರು ಸಂಧಾನಕ್ಕೆ ಒಪ್ಪಲಿಲ್ಲ. ಹನ್ನೊಂದು ವಾರಗಳ ಕಾಲ ನಡೆದ ಆ ಮುಷ್ಕರ 1897ರ ಫೆಬ್ರವರಿಯಲ್ಲಿ ಕಾರ್ಮಿಕರ ಸೋಲಿನಲ್ಲಿ ಮುಗಿಯಿತು. ಆಗ ಹ್ಯಾಂಬರ್ಗಿನಲ್ಲಿ ವಾಸವಾಗಿದ್ದ ಟೋನೀಸನು ಕಾರ್ಮಿಕರ ಕೂಲಿ, ಕೆಲಸದ ಸ್ಥಿತಿಗತಿಗಳನ್ನು ವಿಚಾರಿಸಿ ತಿಳಿದು, ಅವರ ಬಗ್ಗೆ ಸಹಾನುಭೂತಿಯಿಂದ ಲೇಖನಗಳನ್ನು ಬರೆದನು. ಪ್ರಷ್ಯದ ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ. ಅವನನ್ನು ಅವರು ಅನುಮಾನದಿಂದ ಕಂಡರು. ಪ್ರಾಧ್ಯಾಪಕ ಪದವಿ ಅವನಿಗೆ ಬಹುಕಾಲ ಸಿಗದೆ ಹೋಯಿತು. ಕೀಲ್ ವಿಶ್ವವಿದ್ಯಾನಿಲಯದಲ್ಲಿ ಅವನು ಪೂರ್ಣ ಪ್ರಾಧ್ಯಾಪಕನಾದುದು 1913ರಲ್ಲಿ. ಆಗ ಅವನ ವಯಸ್ಸು ಅರುವತ್ತಕ್ಕೆ ಸಮೀಪವಾಗಿತ್ತು.

ಅಷ್ಟು ಹೊತ್ತಿಗೆ ವಿದ್ವಾಂಸರ ನಡುವೆ ಅವನ ಕೀರ್ತಿ ಹಬ್ಬಿತ್ತು. 1909ರಲ್ಲಿ ಮ್ಯಾಕ್ಸ್ ವೇಬರ್, ಗೇಯಾರ್ಗ್ ಸಿಮ್ಮೆಲ್ ಮೊದಲಾದವರೊಡನೆ ಕೂಡಿ ಅವನು ಜರ್ಮನ್ ಸಮಾಜಶಾಸ್ತ್ರ ಸಂಘವನ್ನು ಸ್ಥಾಪಿಸಿದನು. ಅದರ ಅಧ್ಯಕ್ಷನಾಗಿ 1933ರವರೆಗೆ ದುಡಿದನು. 1922ರಲ್ಲಿ ಸಾರ್ವಜನಿಕ ಅಭಿಪ್ರಾಯವನ್ನು ಕುರಿತ ದೊಡ್ಡ ಗ್ರಂಥವನ್ನು ಹೊರತಂದನು. ಹಳೆಯ ಕಾಲದಲ್ಲಿ ಧರ್ಮ ಮಾಡುತ್ತಿದ್ದ ಕೆಲಸವನ್ನು ಆಧುನಿಕ ಸಮಾಜದಲ್ಲಿ ಸಾರ್ವಜನಿಕ ಅಭಿಪ್ರಾಯ ಮಾಡುತ್ತದೆ. ಪತ್ರಿಕೆಗಳೂ ಪಕ್ಷಗಳೂ ಅದನ್ನು ರೂಪಿಸುವುದಲ್ಲದೆ ಕೆಡಿಸಲೂ ಬಲ್ಲವು ಎಂಬುದನ್ನು ಅದರಲ್ಲಿ ಪರೀಕ್ಷಿಸಿದನು. ಸಮುದಾಯದ ಮುಂದಿನ ಗತಿಯೇನೆಂಬ ಪ್ರಶ್ನೆಗೂ ಅವನು ಉತ್ತರವನ್ನು ಅರಸಿದನು. ಕಳೆದುಹೋದ ಹಳ್ಳಿಯನ್ನು ಹಾಗೆಯೇ ಹಿಂದಕ್ಕೆ ತರಲಾಗದು. ಆದರೆ ಕಾರ್ಮಿಕರು ತಾವಾಗಿ ಕಟ್ಟಿಕೊಂಡ ಸಹಕಾರ ಸಂಘಗಳಲ್ಲಿ ಅವನಿಗೆ ಭರವಸೆ ಕಾಣಿಸಿತು. ಅಲ್ಲಿ ಹಣದ ಲೆಕ್ಕವಿದೆ, ನಿಯಮಗಳಿವೆ. ಜೊತೆಗೆ ಒಬ್ಬರಿಗೊಬ್ಬರು ಆಸರೆಯಾಗುವ ಹಳೆಯ ಗುಣವೂ ಇದೆ. ವ್ಯವಹಾರದ ಕಾಲದಲ್ಲಿಯೇ ಸಮುದಾಯವು ಹೊಸ ರೂಪದಲ್ಲಿ ಚಿಗುರಬಲ್ಲದೆಂದು ಅವನು ಭಾವಿಸಿದನು.

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ 1918ರಲ್ಲಿ ಸೋತಿತು. ಬಡತನ, ಅವಮಾನ, ಹಣದ ಬೆಲೆಯ ಕುಸಿತ ಇವುಗಳಿಂದ ಜನರು ತತ್ತರಿಸಿದರು. ಒಂಟಿತನದಿಂದ ಬೇಸತ್ತ ಯುವಕರಿಗೆ ಸಮುದಾಯ ಎಂಬ ಮಾತು ಮಂತ್ರದಂತೆ ಕೇಳಿಸಿತು. ಟೋನೀಸನ ಗ್ರಂಥ ಒಂದಾದ ಮೇಲೊಂದು ಮುದ್ರಣವನ್ನು ಕಂಡಿತು. ಆದರೆ ಕೊಂಡವರಲ್ಲಿ ಅನೇಕರು ಅದರೊಳಗಿನ ವಿವೇಚನೆಯನ್ನು ಬಿಟ್ಟು, ಹೆಸರನ್ನು ಮಾತ್ರ ಹಿಡಿದುಕೊಂಡರು. ಈ ಮೋಹದ ಅಪಾಯವನ್ನು ಹೆಲ್ಮೂಟ್ ಪ್ಲೆಸ್ನರ್ ಎಂಬ ದಾರ್ಶನಿಕನು 1924ರಲ್ಲಿಯೇ ಎತ್ತಿ ತೋರಿಸಿದನು. ಮನುಷ್ಯರು ಗೌರವದಿಂದ ದೂರವಿರಲು ಅವಕಾಶ ಕೊಡದ ಸಮುದಾಯವು ವ್ಯಕ್ತಿಯನ್ನು ನುಂಗಿಬಿಡುತ್ತದೆ ಎಂಬುದು ಅವನ ವಾದದ ಸಾರ.

ಮುಂದೆ ಆದುದು ಹಾಗೆಯೇ. ಹಿಟ್ಲರನ ನಾಜಿ ಪಕ್ಷವು ಜನಾಂಗದ ಸಮುದಾಯವನ್ನು ಕಟ್ಟುವುದಾಗಿ ಸಾರಿತು. ಯೆಹೂದಿಗಳನ್ನೂ ತನ್ನನ್ನು ಒಪ್ಪದವರನ್ನೂ ಹೊರಗಟ್ಟುವುದೇ ಆ ಸಮುದಾಯದ ಬುನಾದಿಯಾಗಿತ್ತು. 1932ರ ಜುಲೈ ತಿಂಗಳ ಚುನಾವಣೆಯಲ್ಲಿ ಟೋನೀಸನ ಸ್ವಂತ ಪ್ರಾಂತವಾದ ಶ್ಲೆಸ್ವಿಗ್ ಹೋಲ್‌ಸ್ಟೈನಿನಲ್ಲಿ ಆ ಪಕ್ಷಕ್ಕೆ ಅರ್ಧಕ್ಕಿಂತ ಹೆಚ್ಚು ಮತಗಳು ಬಂದುವು. ತಾನು ಯಾವ ರೈತಸೀಮೆಯಲ್ಲಿ ಸಮುದಾಯದ ಬೇರನ್ನು ಕಂಡಿದ್ದನೋ ಆ ಸೀಮೆಯೇ ಹೀಗೆ ಮರುಳಾದುದನ್ನು ಮುಪ್ಪಿನ ಚಿಂತಕನು ನೋಡಬೇಕಾಯಿತು. ಎಪ್ಪತ್ತೈದು ದಾಟಿದ್ದರೂ ಅವನು ಸುಮ್ಮನೆ ಕೂಡಲಿಲ್ಲ. ಸಮಾಜವಾದಿ ಪ್ರಜಾಸತ್ತಾತ್ಮಕ ಪಕ್ಷವನ್ನು ಸೇರಿದನು. ಹಿಟ್ಲರನ ವಿರುದ್ಧ ಪತ್ರಿಕೆಗಳಲ್ಲಿ ಬರೆದು ಜನರನ್ನು ಎಚ್ಚರಿಸಿದನು. ಸಮುದಾಯವನ್ನು ಕುರಿತು ಜರ್ಮನಿಯಲ್ಲಿ ಅವನಷ್ಟು ಅಧಿಕಾರದಿಂದ ಮಾತನಾಡಬಲ್ಲವರು ಬೇರೊಬ್ಬರಿರಲಿಲ್ಲ. ಅವನು ಒಂದು ಮಾತು ಹೊಗಳಿದ್ದರೆ ಹೊಸ ಆಳರಸರು ಅವನನ್ನು ತಲೆಯ ಮೇಲೆ ಹೊತ್ತುಕೊಳ್ಳಬಹುದಾಗಿತ್ತು. ಆ ಮಾತನ್ನು ಅವನು ಆಡಲಿಲ್ಲ.

1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದನು. ಅದೇ ವರ್ಷ ಟೋನೀಸನನ್ನು ವಿಶ್ವವಿದ್ಯಾನಿಲಯದಿಂದ ತೆಗೆದುಹಾಕಿ, ಅವನ ನಿವೃತ್ತಿವೇತನವನ್ನೂ ಕಿತ್ತುಕೊಂಡರು. ಸಮಾಜಶಾಸ್ತ್ರ ಸಂಘದ ಅಧ್ಯಕ್ಷ ಸ್ಥಾನವೂ ಹೋಯಿತು. ಬಡತನದಲ್ಲಿಯೂ ಅವನು ಲೇಖನಿಯನ್ನು ಕೆಳಗಿಡಲಿಲ್ಲ. ಆಧುನಿಕ ಯುಗದ ಸ್ವರೂಪವನ್ನು ಕುರಿತ ಕೊನೆಯ ಗ್ರಂಥವನ್ನು 1935ರಲ್ಲಿ ಪ್ರಕಟಿಸಿದನು. 1936ರ ಏಪ್ರಿಲ್ 9ರಂದು ಕೀಲ್ ನಗರದಲ್ಲಿ ತೀರಿಕೊಂಡನು. ಅವನ ಅಳಿಯ ರುಡಾಲ್ಫ್ ಹೆಬರ್ಲೆ ಎಂಬ ಸಮಾಜಶಾಸ್ತ್ರಜ್ಞನು 1938ರಲ್ಲಿ ಅಮೆರಿಕಕ್ಕೆ ವಲಸೆ ಹೋದನು. ಆ ಪ್ರಾಂತದ ರೈತರು ನಾಜಿ ಪಕ್ಷದ ಕಡೆಗೆ ಏಕೆ ಒಲಿದರೆಂಬುದನ್ನು ಮತಗಳ ಅಂಕಿಅಂಶಗಳಿಂದ ಪರಿಶೀಲಿಸಿ, 1945ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಮಾವನ ನಾಡಿಗೆ ಬಂದೊದಗಿದ ದುರಂತದ ಕಾರಣವನ್ನು ಅಳಿಯನು ಶಾಸ್ತ್ರದ ಹಾದಿಯಲ್ಲಿಯೇ ಅರಸಿದನೆನ್ನಬಹುದು.

ಟೋನೀಸನು ತೀರಿಕೊಂಡ ಮೇಲೆ ಅವನು ಎತ್ತಿದ ಪ್ರಶ್ನೆ ಹಲವು ದೇಶಗಳಿಗೆ ಹಬ್ಬಿತು. ಅಮೆರಿಕದ ಷಿಕಾಗೋ ನಗರದ ಲೂಯಿ ವರ್ತ್ ಎಂಬುವನು 1938ರಲ್ಲಿ ಬರೆದ ಪ್ರಬಂಧದಲ್ಲಿ, ನಗರದ ಜನಸಂಖ್ಯೆ, ದಟ್ಟಣೆ ಮತ್ತು ವೈವಿಧ್ಯಗಳು ಆಪ್ತಸಂಬಂಧಗಳನ್ನು ಸಡಿಲಗೊಳಿಸುತ್ತವೆಂದು ವಾದಿಸಿದನು. ಮುಂದಿನ ಸಂಶೋಧಕರು ಸ್ಥಳಕ್ಕೆ ಹೋಗಿ ನೋಡಿದಾಗ ಚಿತ್ರ ಬೇರೆಯಾಗಿ ಕಂಡಿತು. 1957ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಮೈಕೆಲ್ ಯಂಗ್ ಮತ್ತು ಪೀಟರ್ ವಿಲ್ಮಟ್ ಎಂಬುವರು ಲಂಡನ್ನಿನ ಶ್ರಮಿಕರ ಬಡಾವಣೆಯೊಂದರಲ್ಲಿ ಬಂಧುತ್ವದ ದಟ್ಟವಾದ ಬಲೆಯನ್ನು ಕಂಡರು. ಹರ್ಬರ್ಟ್ ಗ್ಯಾನ್ಸ್ ಎಂಬುವನು 1962ರ ತನ್ನ ಗ್ರಂಥದಲ್ಲಿ ಬಾಸ್ಟನ್ ನಗರದ ನಡುವೆಯೇ ಹಳ್ಳಿಯಂಥ ಬಾಳು ಇದ್ದುದನ್ನು ವರ್ಣಿಸಿದನು. ಇದಕ್ಕೆ ಮುಂಚೆ, 1951ರಲ್ಲಿ, ಆಸ್ಕರ್ ಲೂಯಿಸ್ ಎಂಬುವನು ಮೆಕ್ಸಿಕೋ ದೇಶದ ಟೆಪೋಸ್ಟ್ಲಾನ್ ಎಂಬ ಹಳ್ಳಿಯನ್ನು ಕುರಿತು ಬರೆದಿದ್ದನು. ಹಿಂದೆ ರಾಬರ್ಟ್ ರೆಡ್‌ಫೀಲ್ಡ್ ಎಂಬ ವಿದ್ವಾಂಸನು ಸಾಮರಸ್ಯವನ್ನೇ ಕಂಡಿದ್ದ ಆ ಊರಿನಲ್ಲಿ ಜಗಳ, ಅಸೂಯೆ, ಭಯಗಳೂ ಇದ್ದುದನ್ನು ಲೂಯಿಸನು ತೋರಿಸಿದನು. ಹೀಗೆ ನಗರದಲ್ಲಿ ಸಮುದಾಯವಿಲ್ಲವೆಂಬುದೂ ಹಳ್ಳಿಯಲ್ಲಿ ಒಡಕಿಲ್ಲವೆಂಬುದೂ ಎರಡೂ ಪೂರ್ಣಸತ್ಯವಲ್ಲವೆಂದು ಸಿದ್ಧವಾಯಿತು.

ಭಾರತದಲ್ಲಿಯೂ ಈ ಚರ್ಚೆ ತೀವ್ರವಾಗಿ ನಡೆಯಿತು. ಮೇನನಂಥವರ ಗ್ರಂಥಗಳ ಮೂಲಕ ಪಶ್ಚಿಮ ದೇಶಗಳಿಗೆ ಹೋಗಿದ್ದ ಭಾರತದ ಹಳ್ಳಿಯ ಚಿತ್ರ ಸರಿಯೇ ಎಂದು ನಮ್ಮವರು ಕೇಳತೊಡಗಿದರು. ಡಾ. ಬಿ. ಆರ್. ಅಂಬೇಡ್ಕರ್ ಅವರು 1948ರ ನವೆಂಬರಿನಲ್ಲಿ ಸಂವಿಧಾನ ರಚನಾ ಸಭೆಯಲ್ಲಿ ಮಾತನಾಡುತ್ತ, ಹಳ್ಳಿಯನ್ನು ಆದರ್ಶವೆಂದು ಕೊಂಡಾಡುವುದನ್ನು ಕಟುವಾಗಿ ಟೀಕಿಸಿದರು. ಯಾರನ್ನು ಊರಿನ ಹೊರಗಿಟ್ಟಿದ್ದರೋ ಅವರ ಕಣ್ಣಿನಿಂದ ನೋಡಿದಾಗ ಮಾತ್ರ ಊರಿನ ಒಗ್ಗಟ್ಟಿನ ಬೆಲೆ ನಿಜವಾಗಿ ತಿಳಿಯುತ್ತದೆ. ಅದೇ ವರ್ಷ ಮೈಸೂರಿನವರಾದ ಎಂ. ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಜನರ ಬಾಳನ್ನು ಹತ್ತಿರದಿಂದ ಅಧ್ಯಯನ ಮಾಡಿದರು. ತಮ್ಮ ಬರಹಗಳಲ್ಲಿ ಆ ಹಳ್ಳಿಗೆ ರಾಮಪುರವೆಂದು ಹೆಸರಿಟ್ಟರು. 1970ರಲ್ಲಿ ಅಮೆರಿಕದಲ್ಲಿ ಅವರ ಟಿಪ್ಪಣಿಗಳು ಬೆಂಕಿಗೆ ಆಹುತಿಯಾದಾಗ, ನೆನಪಿನ ಬಲದಿಂದ ಬರೆದ ಅವರ ಗ್ರಂಥ 1976ರಲ್ಲಿ ಪ್ರಕಟವಾಯಿತು. ಹಳ್ಳಿಯು ಹೊರಲೋಕದ ನಂಟಿಲ್ಲದ ಪುಟ್ಟ ಗಣರಾಜ್ಯವೆಂಬುದನ್ನು ಅವರು ಒಪ್ಪಲಿಲ್ಲ. ಅದು ಬರಿಯ ಮನೆಗಳ ಗುಂಪೆಂಬುದನ್ನೂ ಒಪ್ಪಲಿಲ್ಲ. ಜಾತಿಯ ಮೇಲುಕೀಳುಗಳು, ಬಲಿಷ್ಠರ ಹಿಡಿತ, ಗುಂಪುಗಾರಿಕೆ ಇವೆಲ್ಲ ಇದ್ದರೂ ತಮ್ಮ ಊರೆಂಬ ಅಭಿಮಾನ ಜನರಲ್ಲಿ ನಿಜವಾಗಿಯೇ ಇತ್ತೆಂಬುದನ್ನು ಅವರು ಕಂಡರು.

ಇಂದು ಸಮುದಾಯದ ಸಿದ್ಧಾಂತ ಹೊಸ ಪ್ರಶ್ನೆಗಳನ್ನು ಎದುರಿಸುತ್ತಿದೆ. ಒಂದೇ ಊರಿನಲ್ಲಿ ಇರುವುದೇ ಸಮುದಾಯವೆಂಬ ಕಲ್ಪನೆ ಸಡಿಲವಾಗಿದೆ. ಕೆನಡ ದೇಶದ ಟೊರಾಂಟೊ ನಗರದ ಜನರನ್ನು ಕುರಿತು ಬ್ಯಾರಿ ವೆಲ್‌ಮನ್ ಎಂಬ ವಿದ್ವಾಂಸನು 1979ರಲ್ಲಿ ಪ್ರಕಟಿಸಿದ ಲೇಖನ, ಅವರ ಆಪ್ತರಲ್ಲಿ ಬಹುಮಂದಿ ಪಕ್ಕದ ಬೀದಿಯಲ್ಲಿರದೆ ದೂರದೂರದಲ್ಲಿ ಇರುವುದನ್ನು ತೋರಿಸಿತು. ರಾಷ್ಟ್ರವೆಂಬುದು ಎಂದೂ ಮುಖ ನೋಡದ ಜನರು ಮನಸ್ಸಿನಲ್ಲಿ ಕಲ್ಪಿಸಿಕೊಂಡ ಸಮುದಾಯವೆಂದು ಬೆನೆಡಿಕ್ಟ್ ಆಂಡರ್‌ಸನ್ 1983ರಲ್ಲಿ ವಾದಿಸಿದನು. ಈಗ ದೂರವಾಣಿ, ಗಣಕಯಂತ್ರಗಳ ಮೂಲಕ ಸಾವಿರಾರು ಮೈಲಿಗಳಾಚೆಯ ಬಂಧುಗಳೊಡನೆ ದಿನವೂ ಮಾತನಾಡುವವರು ಪಕ್ಕದ ಮನೆಯವರ ಹೆಸರನ್ನು ಅರಿಯದಿರಬಹುದು. ಹೀಗೆ ದೂರದಲ್ಲಿದ್ದುಕೊಂಡು ಬೆಸೆದ ನಂಟು ಪ್ರವಾಹ ಬಂದಾಗ, ಕಾಯಿಲೆ ಬಿದ್ದಾಗ ಹೆಗಲು 
ಕೊಡುವುದೇ? ನೆಲೆಯ ನಂಟು ಅಳಿದ ಮೇಲೆ ಮನಸ್ಸಿನ ನಂಟೊಂದೇ ಸಾಕಾಗುವುದೇ? ಟೋನೀಸನು ಹೇಳಿದ ಮೂರು ಬೇರುಗಳನ್ನು ಬಿಟ್ಟು ಈ ಪ್ರಶ್ನೆಗಳನ್ನು ವಿವೇಚಿಸುವುದು ಕಷ್ಟ. ಅವನ ಬರಹಗಳನ್ನೆಲ್ಲ ಇಪ್ಪತ್ತನಾಲ್ಕು ಸಂಪುಟಗಳಲ್ಲಿ ಹೊರತರುವ ಯೋಜನೆಯ ಪ್ರಕಟಣೆ ಜರ್ಮನಿಯಲ್ಲಿ 1998ರಿಂದ ಆರಂಭವಾದುದು ಅವನ ಚಿಂತನೆ ಹಳತಾಗಿಲ್ಲವೆಂಬುದಕ್ಕೆ ಸಾಕ್ಷಿ.

ಸಿದ್ಧಾಂತಗಳು ಕಾಲಕಾಲಕ್ಕೆ ತಿದ್ದಿಕೊಳ್ಳುತ್ತ ಹೋಗುತ್ತವೆ. ಟೋನೀಸನ ಸಿದ್ಧಾಂತವೂ ಹಾಗೆಯೇ ತಿದ್ದುಪಡಿಗೆ ಒಳಗಾಗಿದೆ. ಆದರೆ ಅವನ ಬಾಳಿನಿಂದ ತಿಳಿಯುವ ಒಂದು ಸತ್ಯ ಮಾತ್ರ ಮಾಸದೆ ಉಳಿದಿದೆ. ಸಮುದಾಯವು ಜನರು ಕೂಡಿ ದುಡಿದು, ಕೂಡಿ ನೋವುಂಡು, ತಾವಾಗಿ ಬೆಳೆಸಿಕೊಳ್ಳುವ ಸಂಬಂಧ. ಅದನ್ನು ಅಪ್ಪಣೆ ಮಾಡಿ ಕಟ್ಟಲಾಗದು. ಕೆಲವರನ್ನು ಹೊರಗೆ ನೂಕಿ ಉಳಿದವರನ್ನು ಒಂದುಗೂಡಿಸಲಾಗದು. ಹಾಗೆ ಕಟ್ಟಿಕೊಡುತ್ತೇವೆಂದು ಬಂದವರು ಸಮುದಾಯವನ್ನು ತಮ್ಮ ಲಾಭದ ಸಾಧನವನ್ನಾಗಿ ಮಾಡಿಕೊಂಡವರು. ಈ ಅಂತರವನ್ನು ಗ್ರಂಥದಲ್ಲಿ ಬರೆದ ಟೋನೀಸನು, ಸಮಯ ಬಂದಾಗ ಅದಕ್ಕಾಗಿ ತನ್ನ ಸ್ಥಾನವನ್ನೂ ಸಂಬಳವನ್ನೂ ಕಳೆದುಕೊಂಡನು. ತನ್ನ ಮಾತಿನ ಅರ್ಥವನ್ನು ಮಾತ್ರ ಬಿಟ್ಟುಕೊಡಲಿಲ್ಲ.